ಅಸಲೇ ಇಲ್ಲದ ಬಡ್ಡಿ: ‘ದಿ ರೂಕಿ’ ಯಾಕೆ ಸಪ್ಪೆಯಾಯಿತು?

ಪ್ರಶ್ನೆ: ಸಾರ್, ನಾನು ಕ್ಲಿಂಟ್ ಈಸ್ಟ್‌ವುಡ್ ಅಭಿಮಾನಿ. ಅವರ 1992ರ ಕೌಬಾಯ್ ಸಿನಿಮಾ ‘ಅನ್‌ಫರ್ಗಿವನ್’ ಐದಾರು ಸಲ ನೋಡಿದ್ದೇನೆ. ಮೊನ್ನೆ ಅವರೇ ನಿರ್ದೇಶಿಸಿ ನಟಿಸಿದ 1990ರ ‘ದಿ ರೂಕಿ’ ನೋಡಿದೆ. ಕಾರುಗಳು ಹಾರುತ್ತವೆ, ಕಟ್ಟಡ ಸಿಡಿಯುತ್ತದೆ, ಆದರೂ ಅರ್ಧಕ್ಕೇ ಆಕಳಿಕೆ ಬಂತು. ಎರಡೇ ವರ್ಷದಲ್ಲಿ ಒಬ್ಬನೇ ನಿರ್ದೇಶಕನ ಕೆಲಸದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ? ತಪ್ಪು ಜೊತೆನಟ ಚಾರ್ಲಿ ಶೀನ್‌ದಾ, ಕಥೆಯದ್ದಾ, ಅಥವಾ ನನಗೇ ಈ ತರದ ಸಿನಿಮಾ ಹಿಡಿಸಲ್ವಾ? ಅದರ ಹಿಂದಿನ ವರ್ಷದ ‘ಪಿಂಕ್ ಕ್ಯಾಡಿಲಾಕ್’ ಕೂಡ ನೋಡೋಣ ಅಂತಿದ್ದೆ. ನೋಡಬಹುದಾ?

ಉತ್ತರ: ನಿಮ್ಮ ಆಕಳಿಕೆಯಲ್ಲಿ ತಪ್ಪೇನೂ ಇಲ್ಲ. ನನಗೂ ಬಂದಿದೆ, ಅದೂ ಮೂರು ಸಲ. ಮೂರು ಸಲ ಯಾಕೆ ನೋಡಿದಿರಿ ಅಂತ ಕೇಳಬೇಡಿ. ಚಿತ್ರಕಥೆ ಓದಿ ತಿದ್ದುವುದೇ ನನ್ನ ಕೆಲಸ, ನಿಂತುಹೋದ ಗಡಿಯಾರ ಕಂಡರೆ ಬಿಚ್ಚಿ ನೋಡುವ ಚಟ ಬಿಡುವುದಿಲ್ಲ. ಈ ಗಡಿಯಾರದ ವಿಚಿತ್ರ ಏನೆಂದರೆ, ಒಳಗಿನ ಚಕ್ರಗಳೆಲ್ಲ ಒಳ್ಳೆಯವೇ. ಕೂಡಿಸಿದ್ದು ಮಾತ್ರ ಸರಿಯಿಲ್ಲ.

ನೋಡದೇ ಇರುವವರಿಗಾಗಿ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಲಾಸ್ ಏಂಜಲೀಸ್‌ನ ಪೊಲೀಸ್ ಪತ್ತೇದಾರ ನಿಕ್ ಪುಲೋವ್‌ಸ್ಕಿ (ಈಸ್ಟ್‌ವುಡ್) ದುಬಾರಿ ಕಾರುಗಳನ್ನು ಕದಿಯುವ ಗ್ಯಾಂಗಿನ ಬೆನ್ನು ಹತ್ತಿದ್ದಾನೆ. ಗ್ಯಾಂಗಿನ ಮುಖ್ಯಸ್ಥ ಸ್ಟ್ರಾಮ್ ಶುರುವಿನಲ್ಲೇ ನಿಕ್‌ನ ಜೊತೆಗಾರನನ್ನು ಕೊಲ್ಲುತ್ತಾನೆ. ಅವನ ಜಾಗಕ್ಕೆ ಬರುವವನು ಡೇವಿಡ್ ಆ್ಯಕರ್‌ಮನ್ (ಚಾರ್ಲಿ ಶೀನ್). ಶ್ರೀಮಂತರ ಮನೆಯ ಹುಡುಗ, ಹೊಸಬ, ಒಡಹುಟ್ಟಿದವನ ಸಾವಿಗೆ ತಾನೇ ಕಾರಣ ಅಂತ ಚಿಕ್ಕಂದಿನಿಂದ ಒಳಗೊಳಗೇ ಬೇಯುತ್ತಿರುವವನು. ಒಂದು ಕ್ಯಾಸಿನೋ ಕಾರ್ಯಾಚರಣೆಯಲ್ಲಿ ಸ್ಟ್ರಾಮ್‌ನ ಜೊತೆಗಾತಿ ಲೀಸಲ್ ಎದುರಾದಾಗ ಡೇವಿಡ್ ಗುಂಡು ಹಾರಿಸಲು ಹಿಂಜರಿಯುತ್ತಾನೆ. ಅವಳು ಹಿಂಜರಿಯುವುದಿಲ್ಲ. ಹುಡುಗ ಗುಂಡು ನಿರೋಧಕ ಜಾಕೆಟ್ಟಿನಿಂದ ಬದುಕುತ್ತಾನೆ, ನಿಕ್ ಒತ್ತೆಯಾಳಾಗುತ್ತಾನೆ, ಬಿಡಬೇಕೆಂದರೆ 20 ಲಕ್ಷ ಡಾಲರ್ ಕೊಡಿ ಅಂತ ಸ್ಟ್ರಾಮ್ ಕೇಳುತ್ತಾನೆ. ಆಮೇಲೆ ಹುಡುಗ ‘ಗಂಡಸಾಗಿ’ ನಿಕ್‌ನನ್ನು ಬಿಡಿಸಿ ತರುತ್ತಾನೆ. ಕೊನೆಗೆ ವಿಮಾನ ನಿಲ್ದಾಣದಲ್ಲಿ ಓಟ, ಗುಂಡು, ಎಲ್ಲ ಲೆಕ್ಕ ಚುಕ್ತಾ.

ಕೇಳುವುದಕ್ಕೆ ಕಥೆ ಪರವಾಗಿಲ್ಲ, ಅಲ್ವಾ? ಹಾಗಾದರೆ ಎಡವಿದ್ದು ಎಲ್ಲಿ?

ಹಾಲಿವುಡ್‌ನವರು ಇಂಥ ಸಿನಿಮಾಗೆ ‘ಬಡ್ಡಿ ಕಾಪ್’ ಅನ್ನುತ್ತಾರೆ. ಕಾಪ್ ಅಂದರೆ ಪೊಲೀಸ್, ಬಡ್ಡಿ ಅಂದರೆ ಗೆಳೆಯ, ಸಾಲದ ಬಡ್ಡಿ ಅಲ್ಲ. ಆದರೆ ನಮ್ಮ ಬಡ್ಡಿಯ ಲೆಕ್ಕವೂ ಇಲ್ಲಿ ಸರಿಯಾಗಿಯೇ ಕೂರುತ್ತದೆ. ಈ ಜಾತಿಯ ಸಿನಿಮಾದ ಅಸಲು ಗುಂಡು ಅಲ್ಲ, ಕಾರೂ ಅಲ್ಲ. ಎಣ್ಣೆ ಸೀಗೆಕಾಯಿಯಂಥ ಇಬ್ಬರು ಒಂದೇ ಕಾರಿನಲ್ಲಿ ಕೂತು ಜಗಳ ಆಡುತ್ತಾರಲ್ಲ, ಅದು ಅಸಲು. ಸ್ಟಂಟು, ನಗು, ಕೊನೆಯ ಭಾವುಕತೆ, ಇವೆಲ್ಲ ಅದರ ಮೇಲೆ ಬರುವ ಬಡ್ಡಿ. ‘ದಿ ರೂಕಿ’ ಅಸಲು ಇಡುವುದನ್ನೇ ಮರೆತು ಬಡ್ಡಿ ಕೇಳುತ್ತದೆ. ನನ್ನ ಇಡೀ ಉತ್ತರ ಇಷ್ಟೇ, ಮುಂದಿನದ್ದು ಬಿಡಿಸಿ ಹೇಳುವುದು.

ಕ್ಯಾಸಿನೋ ಘಟನೆಯಿಂದ ಹಿಡಿದು, ನಿಕ್‌ನನ್ನು ಒತ್ತೆ ಇಟ್ಟ ಕಟ್ಟಡದಿಂದ ಇಬ್ಬರೂ ತಪ್ಪಿಸಿಕೊಳ್ಳುವ ತನಕದ ಭಾಗವನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ನಿಕ್ ಎಲ್ಲಿದ್ದಾನೆ? ಒಂದು ಕುರ್ಚಿಗೆ ಕಟ್ಟಿಹಾಕಿಸಿಕೊಂಡು ಕೂತಿದ್ದಾನೆ. ಡೇವಿಡ್ ಎಲ್ಲಿದ್ದಾನೆ? ಊರೆಲ್ಲ ಒಬ್ಬನೇ ಓಡಾಡುತ್ತಿದ್ದಾನೆ. ಅಂದರೆ ಇಬ್ಬರ ನಂಟು ಗಟ್ಟಿಯಾಗಬೇಕಾದ ಹೊತ್ತಿನಲ್ಲೇ ಚಿತ್ರಕಥೆ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿಬಿಟ್ಟಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತ ನಾವು ಕೆಲಸ ಕೆಟ್ಟಾಗ ಬೈಯುತ್ತೇವೆ. ಜೋಡಿ ಪೊಲೀಸ್ ಸಿನಿಮಾಗೆ ಬೇಕಾಗಿರುವುದು ಸರಿಯಾಗಿ ಅದೇ. ಒಂದೇ ನೊಗ, ಎರಡು ದಿಕ್ಕು. ಇಲ್ಲಿ ನೊಗದಿಂದ ಒಂದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದ್ದಾರೆ. ಉಳಿದದ್ದು ಒಂದೇ ಎಳೆಯುತ್ತಿದೆ, ಪಾಪ.

ಒಂದೇ ಸೀನ್ ಹಿಡಿದು ತೋರಿಸುತ್ತೇನೆ. ಡೇವಿಡ್ ಮೊದಲು ಪೆಟ್ಟು ತಿಂದು ಮಾನ ಕಳೆದುಕೊಂಡ ಬಾರ್‌ಗೇ ಆಮೇಲೆ ಒಬ್ಬನೇ ಹೋಗುತ್ತಾನೆ. ಸಿಕ್ಕವರನ್ನೆಲ್ಲ ಚಚ್ಚುತ್ತಾನೆ, ಬಾರ್‌ಗೇ ಬೆಂಕಿ ಇಡುತ್ತಾನೆ. ಹೊಸಬ ಬದಲಾದ ಅಂತ ಹೇಳುವ ಸೀನ್ ಇದು. ಇದರ ಪಕ್ಕಕ್ಕೆ 1982ರ ‘48 ಅವರ್ಸ್’ ಇಟ್ಟು ನೋಡಿ. ವಾಲ್ಟರ್ ಹಿಲ್ ನಿರ್ದೇಶನ. ನಿಕ್ ನೋಲ್ಟಿ ಒಬ್ಬ ಒರಟು ಪೊಲೀಸ್, ಎಡ್ಡಿ ಮರ್ಫಿ ಜೈಲಿನಿಂದ 48 ಗಂಟೆಗೆ ಮಾತ್ರ ಹೊರಗೆ ಬಂದ ಕೈದಿ. ಅಲ್ಲೂ ಒಂದು ಬಾರ್ ಇದೆ. ಕೌಬಾಯ್ ಟೋಪಿಯ ಬಿಳಿಯರೇ ತುಂಬಿರುವ ಬಾರು, ಕಪ್ಪು ಹುಡುಗ ಮರ್ಫಿ ಪೊಲೀಸ್ ಬ್ಯಾಡ್ಜ್ ಹಿಡಿದು ಒಳಗೆ ನುಗ್ಗಿ ಎಲ್ಲರ ಬಾಯಿ ಮುಚ್ಚಿಸುತ್ತಾನೆ. ಮರ್ಫಿಯ ನಟನೆ ಎಲ್ಲರಿಗೂ ನೆನಪಿದೆ. ಆದರೆ ಹಿಂದೆ ನಿಂತು ನೋಡುತ್ತಿರುವ ನೋಲ್ಟಿಯ ಮುಖ ನೆನಪಿದೆಯಾ? ಇಬ್ಬರ ಸ್ನೇಹ ಶುರುವಾಗುವುದು ಅಲ್ಲೇ. ಒಬ್ಬನ ತಾಕತ್ತನ್ನು ಇನ್ನೊಬ್ಬ ಕಣ್ಣಾರೆ ಕಂಡ, ಆಮೇಲೆ ಅವನ ಜೊತೆ ಮಾತಾಡುವ ರೀತಿ ಬದಲಾಯಿತು.

ಡೇವಿಡ್ ಬಾರ್ ಸುಡುವಾಗ ನೋಡಲು ಯಾರಿದ್ದಾರೆ? ನಿಕ್ ಕುರ್ಚಿಯಲ್ಲಿದ್ದಾನೆ. ಹುಡುಗ ಬದಲಾದದ್ದಕ್ಕೆ ಸಾಕ್ಷಿಯೇ ಇಲ್ಲ. ಈ ಒಂದು ಕಾರಣಕ್ಕೇ ಅಷ್ಟು ದೊಡ್ಡ ಬೆಂಕಿ ನಮಗೆ ಬಿಸಿ ತಾಗಿಸುವುದಿಲ್ಲ.

ಅಯ್ಯೋ ಅನ್ನಿಸುವ ಇನ್ನೊಂದು ವಿಷಯ ಇದೆ. ನಿಕ್‌ನ ಬಾಯಲ್ಲಿ ಯಾವಾಗಲೂ ಒಂದು ಸಿಗಾರ್ ಇರುತ್ತದೆ, ಹಚ್ಚಲು ಬೆಂಕಿ ಸಿಗುವುದಿಲ್ಲ. ಸಿಕ್ಕವರನ್ನೆಲ್ಲ ಬೆಂಕಿ ಇದೆಯಾ ಅಂತ ಕೇಳುತ್ತಾನೆ. ಇದು ಸಿನಿಮಾ ಉದ್ದಕ್ಕೂ ಬರುವ ತಮಾಷೆ. ಈಗ ಯೋಚನೆ ಮಾಡಿ: ಬೆಂಕಿಕಡ್ಡಿಗಾಗಿ ಪರದಾಡುವವನ ಜೊತೆಗಾರ ಒಂದು ಇಡೀ ಬಾರನ್ನೇ ಸುಟ್ಟುಹಾಕುತ್ತಾನೆ! ತಮಾಷೆ ತಾನಾಗಿ ತಟ್ಟೆಗೆ ಬಂದು ಬಿದ್ದಿದೆ. ನಿಕ್ ಅಲ್ಲಿ ಸುಮ್ನೆ ನಿಂತಿದ್ದರೆ ಸಾಕಿತ್ತು, ಮಾತೇ ಬೇಕಿರಲಿಲ್ಲ. ನನ್ನ ಕೈಗೆ ಆ ಚಿತ್ರಕಥೆ ಬಂದಿದ್ದರೆ ಆ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ನಿಕ್ ಎಲ್ಲಿ?’ ಅಂತ ಬರೆದು ವಾಪಸ್ ಕಳಿಸುತ್ತಿದ್ದೆ.

ಸರಿ, ಇಂಥ ಚಿತ್ರಕಥೆಯನ್ನು ಈಸ್ಟ್‌ವುಡ್ ಯಾಕೆ ಕೈಗೆತ್ತಿಕೊಂಡರು? ಆಗ ಅವರಿಗೆ 60 ವರ್ಷ. 1988ರಲ್ಲಿ ಜಾಝ್ ಸಂಗೀತಗಾರ ಚಾರ್ಲಿ ಪಾರ್ಕರ್ ಬಗ್ಗೆ ‘ಬರ್ಡ್’ ಮಾಡಿದ್ದರು. ಹೊಗಳಿಕೆ ಬಂತು, ದುಡ್ಡು ಬರಲಿಲ್ಲ. ಅದೇ ವರ್ಷ, ಅವರು ಒರಟು ಪೊಲೀಸ್ ಹ್ಯಾರಿಯಾಗಿ ನಟಿಸುತ್ತಿದ್ದ ಡರ್ಟಿ ಹ್ಯಾರಿ ಸರಣಿಯ ಕೊನೆಯ ಸಿನಿಮಾ ‘ದಿ ಡೆಡ್ ಪೂಲ್’ ಬಂತು. 1989ರ ‘ಪಿಂಕ್ ಕ್ಯಾಡಿಲಾಕ್’ ಮಲಗಿತು. ಅವರ ಮನಸ್ಸಿನಲ್ಲಿದ್ದದ್ದು ‘ವೈಟ್ ಹಂಟರ್ ಬ್ಲ್ಯಾಕ್ ಹಾರ್ಟ್’. ಆಫ್ರಿಕಾಕ್ಕೆ ಸಿನಿಮಾ ಮಾಡಲು ಹೋಗಿ ಆನೆ ಬೇಟೆಯ ಹುಚ್ಚು ಹಿಡಿಸಿಕೊಂಡ ನಿರ್ದೇಶಕನ ಕಥೆ. ಅಂಥ ಸಿನಿಮಾಗೆ ಯಾವ ಸ್ಟುಡಿಯೋ ಖುಷಿಯಿಂದ ಚೆಕ್ ಬರೆಯುತ್ತದೆ? ವಾರ್ನರ್ ಬ್ರದರ್ಸ್ ಜೊತೆ ಅವರದ್ದು ‘ನಿಮಗೊಂದು, ನನಗೊಂದು’ ಅನ್ನುವ ಹೊಂದಾಣಿಕೆ ಅಂತ ಮೊದಲಿನಿಂದ ಮಾತಿದೆ. ಬೇಟೆಗಾರನ ಕಥೆ ತಮಗೆ, ‘ದಿ ರೂಕಿ’ ಸ್ಟುಡಿಯೋಗೆ. ಎರಡೂ 1990ರಲ್ಲೇ ಬಿಡುಗಡೆಯಾದವು. ಮೊದಲನೆಯದು ಸೆಪ್ಟೆಂಬರ್‌ನಲ್ಲಿ, ‘ದಿ ರೂಕಿ’ ಡಿಸೆಂಬರ್ 7ಕ್ಕೆ. ತಮಾಷೆ ಏನೆಂದರೆ ಸ್ಟುಡಿಯೋಗೆ ಅಂತ ಮಾಡಿದ್ದೂ ಸ್ಟುಡಿಯೋಗೆ ದಕ್ಕಲಿಲ್ಲ. ಅಮೆರಿಕದಲ್ಲಿ ಗಳಿಸಿದ್ದು ಸುಮಾರು 2 ಕೋಟಿ 16 ಲಕ್ಷ ಡಾಲರ್. ಮೂರು ವಾರ ಮೊದಲು ಬಂದಿದ್ದ ‘ಹೋಮ್ ಅಲೋನ್’ ಅಲ್ಲಿ ಕೊನೆಗೆ 28 ಕೋಟಿ ದಾಟಿತು. ಒಬ್ಬ ಪುಟ್ಟ ಹುಡುಗ ಬಣ್ಣದ ಡಬ್ಬ, ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಮಾಡಿದ ಗಲಾಟೆ ಅಷ್ಟೊಂದು ಸ್ಟಂಟಿನವರನ್ನು ಮಲಗಿಸಿತು.

ಸ್ಟಂಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಸಿನಿಮಾದಲ್ಲಿ 80ಕ್ಕೂ ಹೆಚ್ಚು ಸ್ಟಂಟ್ ಕಲಾವಿದರಿದ್ದರು, ನಟರಿಗಿಂತ ಅವರೇ ಜಾಸ್ತಿ. ಕೆಲಸ ಮಾತ್ರ ನಿಜಕ್ಕೂ ಅಚ್ಚುಕಟ್ಟು. ಶುರುವಿನಲ್ಲಿ ಹೆದ್ದಾರಿಯ ಮೇಲೆ ಕಾರು ಸಾಗಿಸುವ ಟ್ರೇಲರ್ ಓಡುತ್ತಿರುತ್ತದೆ, ಅದರ ಬೆನ್ನಿನಿಂದ ಕಾರುಗಳು ಒಂದೊಂದಾಗಿ ರಸ್ತೆಗೆ ಉದುರುತ್ತವೆ. ಅಲ್ಲಿ ಕಂಪ್ಯೂಟರ್ ಕೈಚಳಕ ಇಲ್ಲ, ನಿಜವಾದ ಕಬ್ಬಿಣ, ನಿಜವಾದ ಡಾಂಬರು. ಆಮೇಲೆ ಸಿಡಿಯುತ್ತಿರುವ ಕಟ್ಟಡದ ಮೇಲಿನ ಮಹಡಿಯಿಂದ ಕಾರು ಹೊರಗೆ ಹಾರುವ ಶಾಟ್. ಇವೆರಡನ್ನು ಯಾವ ಸಿನಿಮಾದ ಪಕ್ಕದಲ್ಲಿ ಇಟ್ಟರೂ ತಲೆ ತಗ್ಗಿಸಬೇಕಿಲ್ಲ. ಕೊನೆಯ ವಿಮಾನ ನಿಲ್ದಾಣದ ಭಾಗವನ್ನು ಸ್ಯಾನ್ ಹೋಸೆಯಲ್ಲಿ ತೆಗೆದರು, ಅದೂ ಪರವಾಗಿಲ್ಲ. ಆದರೆ ಕಾರಿನಲ್ಲಿ ಕೂತವರು ಬದುಕಲಿ ಅಂತ ನಮಗೆ ಅನ್ನಿಸಬೇಕಲ್ಲ. ಅನ್ನಿಸದಿದ್ದರೆ ಅದು ಬರೀ ಗುಜರಿ.

ನೀವು ಕೇಳಿದ ಮುಖ್ಯ ಪ್ರಶ್ನೆಗೆ ಈಗ ಬರುತ್ತೇನೆ. ಎರಡು ವರ್ಷದಲ್ಲಿ ಇಷ್ಟು ವ್ಯತ್ಯಾಸ ಹೇಗೆ? ತಂಡ ಬದಲಾಯಿತಾ? ಇಲ್ಲ! ‘ದಿ ರೂಕಿ’ಗೆ ಛಾಯಾಗ್ರಹಣ ಜ್ಯಾಕ್ ಗ್ರೀನ್, ಸಂಕಲನ ಜೋಯಲ್ ಕಾಕ್ಸ್, ಸಂಗೀತ ಲೆನ್ನಿ ನೀಹಾಸ್. 1992ರ ‘ಅನ್‌ಫರ್ಗಿವನ್’ಗೂ ಇದೇ ಮೂವರು. ಜೋಯಲ್ ಕಾಕ್ಸ್‌ಗೆ ಅದಕ್ಕಾಗಿ ಆಸ್ಕರ್ ಕೂಡ ಬಂತು, ಸಿನಿಮಾಗೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಅದೊಂದು. ಕೈಗಳು ಅವೇ, ಪಾತ್ರೆ ಅದೇ, ಅಡುಗೆ ಮಾತ್ರ ಬೇರೆ.

ಬದಲಾದದ್ದು ಕಾಗದ. ‘ಅನ್‌ಫರ್ಗಿವನ್’ ಬರೆದವರು ಡೇವಿಡ್ ವೆಬ್ ಪೀಪಲ್ಸ್. ಆ ಚಿತ್ರಕಥೆಯನ್ನು ಈಸ್ಟ್‌ವುಡ್ 1980ರ ದಶಕದ ಮೊದಲಲ್ಲೇ ಕೊಂಡಿದ್ದರು. ಪಾತ್ರಕ್ಕೆ ತಕ್ಕ ವಯಸ್ಸಾಗಲಿ ಅಂತ ವರ್ಷಗಟ್ಟಲೆ ಎತ್ತಿಟ್ಟರು. ‘ದಿ ರೂಕಿ’ ಬರೆದವರು ಬೋಝ್ ಯಾಕಿನ್ ಮತ್ತು ಸ್ಕಾಟ್ ಸ್ಪೀಗಲ್. ಯಾಕಿನ್ ಆಮೇಲೆ ಒಳ್ಳೆಯ ನಿರ್ದೇಶಕರಾದರು. ಸ್ಪೀಗಲ್ ಯಾರು ಗೊತ್ತಾ? ನಿರ್ದೇಶಕ ಸ್ಯಾಮ್ ರೈಮಿಯ ಗೆಳೆಯ, 1987ರ ‘ಈವಿಲ್ ಡೆಡ್ 2’ಗೆ ರೈಮಿ ಜೊತೆ ಕೂತು ಬರೆದವರು. ರಕ್ತ ಕಾರಂಜಿಯ ಹಾಗೆ ಚಿಮ್ಮುವಾಗಲೂ ನಗಿಸುವ ಸಿನಿಮಾ ಅದು. ಅದನ್ನು ನೆನಪಿಟ್ಟುಕೊಂಡು ‘ದಿ ರೂಕಿ’ಯ ಘಟನೆಗಳನ್ನು ಮತ್ತೆ ನೋಡಿ. ಹೊಸಬ ಒಬ್ಬನೇ ಬಾರ್ ಸುಡುತ್ತಾನೆ. ಮನೆಯಲ್ಲಿ ಗೆಳತಿಯ ಜೀವಕ್ಕೆ ಅಪಾಯ ಅಂತ ಗೊತ್ತಾದಾಗ ಬೈಕನ್ನು ಸೀದಾ ಮುಂಬಾಗಿಲು ಒಡೆದು ಒಳಗೆ ನುಗ್ಗಿಸುತ್ತಾನೆ. ಕಾರು ಆಕಾಶಕ್ಕೆ ಹಾರುತ್ತದೆ. ಇದೆಲ್ಲ ಕಾಮಿಕ್ ಪುಸ್ತಕದ ಗತ್ತು. ಕಣ್ಣು ಮಿಟುಕಿಸಿ ಹೇಳಬೇಕಾದ ಕಥೆ.

ಈಸ್ಟ್‌ವುಡ್ ಕಣ್ಣು ಮಿಟುಕಿಸುವ ನಿರ್ದೇಶಕ ಅಲ್ಲ. ಅವರ ಕೆಲಸದ ರೀತಿ ಬೇರೆ. ಸೆಟ್‌ನಲ್ಲಿ ‘ಆ್ಯಕ್ಷನ್’ ಅಂತ ಕೂಗುವುದಿಲ್ಲ. ಹಿಂದೆ ‘ರಾಹೈಡ್’ ಟಿವಿ ಸರಣಿಯಲ್ಲಿ ನಟಿಸುವಾಗ ಆ ಕೂಗಿಗೆ ಕುದುರೆಗಳು ಬೆದರುತ್ತಿದ್ದವಂತೆ, ಆಗಿನಿಂದ ಮೆಲ್ಲಗೆ ‘ಶುರು ಮಾಡಿ’ ಅನ್ನುವಷ್ಟೇ ಅಭ್ಯಾಸ. ಒಂದೋ ಎರಡೋ ಟೇಕ್, ಮುಗೀತು, ಮುಂದಿನ ಶಾಟ್. ರಿಹರ್ಸಲ್ ಕಡಿಮೆ. ಬೆಳಕೂ ಕಡಿಮೆ, ಅರ್ಧ ಮುಖ ಕತ್ತಲಲ್ಲೇ ಇರುತ್ತದೆ. ‘ಅನ್‌ಫರ್ಗಿವನ್’ನಂಥ ಕಥೆಗೆ ಇದು ಹೇಳಿಮಾಡಿಸಿದ ರೀತಿ. ಮುದುಕ ಮಾತು ಹುಡುಕುತ್ತಾ ತಡವರಿಸಿದರೆ ಅದೇ ಸತ್ಯ ಅನ್ನಿಸುತ್ತದೆ. ಆದರೆ ಜೋಡಿ ಪೊಲೀಸರ ಜಗಳ ಅಂದರೆ ತಾಳ. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಬಾಯಿ ಹಾಕಬೇಕು, ಒಂದು ಕ್ಷಣ ತಡವಾದರೂ ನಗು ಸತ್ತುಹೋಗುತ್ತದೆ. ಅದು ಹತ್ತು ಸಲ ಮಾಡಿ ನೋಡಿದರೆ ಮಾತ್ರ ಕೂಡಿಬರುವ ಕೆಲಸ. ‘ದಿ ರೂಕಿ’ಯಲ್ಲಿ ನಿಕ್ ಒಂದು ಮಾತು ಬಿಸಾಕುತ್ತಾನೆ, ಮೌನ, ಡೇವಿಡ್ ಒಂದು ಮಾತು ಹೇಳುತ್ತಾನೆ, ಮತ್ತೆ ಮೌನ. ಟೆಲಿಗ್ರಾಂ ಕಳಿಸಿಕೊಂಡ ಹಾಗೆ.

ಇದೇ ವಾರ್ನರ್ ಬ್ರದರ್ಸ್ 1987ರಲ್ಲಿ ‘ಲೀಥಲ್ ವೆಪನ್’ ತಂದಿತ್ತು. ರಿಚರ್ಡ್ ಡಾನರ್ ನಿರ್ದೇಶನ, ಶೇನ್ ಬ್ಲ್ಯಾಕ್ ಚಿತ್ರಕಥೆ. ಡ್ಯಾನಿ ಗ್ಲೋವರ್ ಪಾತ್ರಕ್ಕೆ ಆಗಷ್ಟೇ 50 ತುಂಬಿದೆ, ಹೆಂಡತಿ ಮಕ್ಕಳು ಇದ್ದಾರೆ, ಸಾಯಲು ಇಷ್ಟವಿಲ್ಲ. ಮೆಲ್ ಗಿಬ್ಸನ್ ಪಾತ್ರದ ಹೆಂಡತಿ ಸತ್ತಿದ್ದಾಳೆ, ಅವನಿಗೆ ಬದುಕಲು ಇಷ್ಟವಿಲ್ಲ. ಇಷ್ಟೇ ಸಾಕು, ಇಬ್ಬರನ್ನು ಯಾವ ರಸ್ತೆಯಲ್ಲಿ ಬಿಟ್ಟರೂ ಜಗಳ ಹುಟ್ಟುತ್ತದೆ. ಆ ಸಿನಿಮಾದಲ್ಲಿ ನನಗೆ ಇಷ್ಟವಾಗುವುದು ಗುಂಡಿನ ಸೀನ್ ಅಲ್ಲ, ಗ್ಲೋವರ್ ಮನೆಯ ರಾತ್ರಿ ಊಟ. ಹುಚ್ಚನಂಥ ಈ ಹೊಸ ಜೊತೆಗಾರ ಮೇಜಿನ ಸುತ್ತ ಕೂತ ಸಂಸಾರವನ್ನು ನೋಡುವ ರೀತಿ ಇದೆಯಲ್ಲ, ಅದಾದ ಮೇಲೆ ಆ ಮನೆಗೆ ಏನಾದರೂ ಆದರೆ ನಮಗೂ ಕೋಪ ಬರುತ್ತದೆ. ಈಗ ನಿಕ್‌ಗೆ ಏನು ಬೇಕು? ಸ್ಟ್ರಾಮ್ ಬೇಕು. ಡೇವಿಡ್‌ಗೆ? ಅವನಿಗೂ ಸ್ಟ್ರಾಮ್. ಒಬ್ಬ ವಯಸ್ಸಾದವ, ಇನ್ನೊಬ್ಬ ಹುಡುಗ. ಒಬ್ಬ ಬಡವ, ಇನ್ನೊಬ್ಬ ಶ್ರೀಮಂತ. ಈ ವ್ಯತ್ಯಾಸಗಳೆಲ್ಲ ಜಾತಕದಲ್ಲಿವೆ, ಸೀನಿನಲ್ಲಿ ಇಲ್ಲ.

ಚಾರ್ಲಿ ಶೀನ್ ಮೇಲೆ ತಪ್ಪು ಹೊರಿಸಬೇಡಿ. ಆಗ ಆತನಿಗೆ 25. ‘ಪ್ಲಟೂನ್’ನಲ್ಲಿ ಇಬ್ಬರು ಸಾರ್ಜೆಂಟ್‌ಗಳ ನಡುವೆ, ‘ವಾಲ್ ಸ್ಟ್ರೀಟ್’ನಲ್ಲಿ ದುಡ್ಡಿನ ಗುರು ಮತ್ತು ಹೆತ್ತ ಅಪ್ಪನ ನಡುವೆ ಜಗ್ಗಾಡುವ ಹುಡುಗನಾಗಿ ಚೆನ್ನಾಗಿಯೇ ಮಾಡಿದ್ದ. ಮರುವರ್ಷದ ‘ಹಾಟ್ ಶಾಟ್ಸ್’ ನೋಡಿದರೆ ಕಾಮಿಡಿ ಟೈಮಿಂಗ್ ಕೂಡ ಇತ್ತು ಅಂತ ಗೊತ್ತಾಗುತ್ತದೆ. ‘ದಿ ರೂಕಿ’ಯಲ್ಲೂ ಅದೇ ಅಚ್ಚು ಕೈಯಲ್ಲಿತ್ತು. ಒಂದು ಕಡೆ ಶ್ರೀಮಂತ ಅಪ್ಪ (ಟಾಮ್ ಸ್ಕೆರಿಟ್), ಇನ್ನೊಂದು ಕಡೆ ಒರಟು ನಿಕ್. ಇಬ್ಬರೂ ಹುಡುಗನನ್ನು ತಮ್ಮ ಕಡೆಗೆ ಎಳೆಯಬಹುದಿತ್ತು. ಎಳೆಯಲಿಲ್ಲ. ಅಪ್ಪ ಒತ್ತೆಹಣ ಕೊಡುವ ಬ್ಯಾಂಕ್ ಆಗಿ ಉಳಿದ.

ವಿಲನ್‌ಗಳ ಬಗ್ಗೆ ಬರೆಯಲು ಬೇಸರ. ಸ್ಟ್ರಾಮ್ ಆಗಿರುವ ರೌಲ್ ಜೂಲಿಯಾ ಪೋರ್ಟೊ ರಿಕೋದ ದೊಡ್ಡ ನಟ. ಲೀಸಲ್ ಆಗಿರುವ ಸೋನಿಯಾ ಬ್ರಾಗಾ ಬ್ರೆಜಿಲ್‌ನವರು. ಇಬ್ಬರೂ ‘ಕಿಸ್ ಆಫ್ ದಿ ಸ್ಪೈಡರ್ ವುಮನ್’ನಲ್ಲಿ ಒಟ್ಟಿಗೆ ಇದ್ದವರು. ಅಂಥವರನ್ನು ಕರೆತಂದು ಜರ್ಮನ್ನರನ್ನಾಗಿ ಮಾಡಿದ್ದಾರೆ. ಯಾಕೆ? ಕಥೆಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಜೂಲಿಯಾ ಆಗಾಗ ಹುಬ್ಬು ಏರಿಸಿ ಏನೋ ಜೀವ ತುಂಬಲು ನೋಡುತ್ತಾರೆ. ಬ್ರಾಗಾಗೆ ಮಾತೇ ಕೊಟ್ಟಿಲ್ಲ ಅನ್ನಬಹುದು. ಅವರ ಪಾಲಿಗೆ ಬಂದದ್ದು ಕುರ್ಚಿಗೆ ಕಟ್ಟಿದ ನಿಕ್ ಮೇಲೆ ಲೀಸಲ್ ಬಲಾತ್ಕಾರ ಮಾಡುವ ಸೀನ್, ಅದನ್ನು ವಿಡಿಯೋ ಕೂಡ ಮಾಡುತ್ತಾರೆ. ನೀವು ಪತ್ರದಲ್ಲಿ ಇದರ ಬಗ್ಗೆ ಬರೆದಿಲ್ಲ, ಬಹುಶಃ ಮುಜುಗರ ಆಗಿರಬೇಕು. ಆಗಲೇಬೇಕು. ಗಂಡಸಿನ ಮೇಲೆ ಬಲಾತ್ಕಾರ ಅನ್ನುವುದನ್ನು ಗಂಭೀರವಾಗಿ ತೋರಿಸಿದ್ದರೆ ಅದು ಬೇರೆಯೇ ಸಿನಿಮಾ ಆಗುತ್ತಿತ್ತು. ಇಲ್ಲಿ ಅದನ್ನು ಅರ್ಧ ರೋಚಕ, ಅರ್ಧ ತಮಾಷೆ ಮಾಡಿ ಬಿಟ್ಟಿದ್ದಾರೆ. ನಿಕ್ ಎದ್ದು ಬಂದ ಮೇಲೆ ಅದರ ಗಾಯ ಯಾವ ಸೀನಿನಲ್ಲೂ ಕಾಣುವುದಿಲ್ಲ. ಕಾಲ ಬದಲಾಗಿದೆ, ಆಗ ಇದೆಲ್ಲ ನಡೆಯುತ್ತಿತ್ತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. 1990ರಲ್ಲೂ ಅದು ನೋಡುವವರನ್ನು ಚುಚ್ಚಿತ್ತು.

ಈಸ್ಟ್‌ವುಡ್‌ಗೆ ಒಳ್ಳೆಯ ವಿಲನ್ ಸಿಕ್ಕರೆ ಏನಾಗುತ್ತದೆ ಅಂತ ನೋಡಬೇಕಾದರೆ 1993ರ ‘ಇನ್ ದಿ ಲೈನ್ ಆಫ್ ಫೈರ್’ ಇದೆ. ನಿರ್ದೇಶನ ಅವರದ್ದಲ್ಲ, ವುಲ್ಫ್‌ಗ್ಯಾಂಗ್ ಪೀಟರ್‌ಸನ್‌ದು. ಅಲ್ಲೂ ಒಬ್ಬ ಯುವ ಜೊತೆಗಾರ ಇದ್ದಾನೆ. ಆದರೆ ನಿಜವಾದ ಜೋಡಿ ಫೋನಿನ ಆ ತುದಿಯಲ್ಲಿರುವ ಕೊಲೆಗಾರ ಜಾನ್ ಮಾಲ್ಕೊವಿಚ್. ಇಬ್ಬರೂ ಒಂದೇ ಕೋಣೆಯಲ್ಲಿ ಇರುವುದು ತೀರಾ ಕಡಿಮೆ, ಆದರೂ ಜೋಡಿ ಜೋಡಿಯೇ. ಅಂದರೆ ದೂರ ಇಟ್ಟದ್ದೇ ತಪ್ಪು ಅಂತಲ್ಲ. ದೂರ ಇದ್ದಾಗಲೂ ಒಬ್ಬರು ಇನ್ನೊಬ್ಬರನ್ನು ಕೆಣಕುತ್ತಿರಬೇಕು. ನಿಕ್ ಕುರ್ಚಿಯಲ್ಲಿ ಕೂತು ಡೇವಿಡ್ ಬರುತ್ತಾನೋ ಇಲ್ಲವೋ ಅಂತ ಒಂದು ಮಾತು ಅನುಮಾನ ಪಟ್ಟಿದ್ದರೂ, ‘ಆ ಹುಡುಗನಾ? ಅವನು ಬರಲ್ಲ ಬಿಡಿ’ ಅಂತ ಸ್ಟ್ರಾಮ್ ಎದುರು ನಕ್ಕಿದ್ದರೂ, ಎರಡು ಕೋಣೆಗಳ ನಡುವೆ ಒಂದು ದಾರ ಬಿಗಿಯುತ್ತಿತ್ತು.

ನನಗೆ ಇನ್ನೂ ಅರ್ಥವಾಗದ್ದು ಒಂದಿದೆ. ವಯಸ್ಸಾದವನು ಚಿಕ್ಕವರಿಗೆ ಕಲಿಸುವ ಕಥೆ ಈಸ್ಟ್‌ವುಡ್‌ಗೆ ನೀರು ಕುಡಿದಷ್ಟು ಸುಲಭ. 2004ರ ‘ಮಿಲಿಯನ್ ಡಾಲರ್ ಬೇಬಿ’ಯಲ್ಲಿ ಹಿಲರಿ ಸ್ವ್ಯಾಂಕ್‌ಗೆ ಬಾಕ್ಸಿಂಗ್ ಚೀಲಕ್ಕೆ ಹೊಡೆಯುವುದು ಹೇಗೆ, ಕಾಲು ಎಲ್ಲಿಡಬೇಕು ಅಂತ ಕಲಿಸುವುದನ್ನು ನಿಧಾನವಾಗಿ ತೋರಿಸಿದ್ದಾರೆ, ಗೊಣಗುತ್ತಲೇ ಕಲಿಸುತ್ತಾರೆ, ಆ ಗೊಣಗಾಟದಲ್ಲೇ ಪ್ರೀತಿ ಇದೆ. 2008ರ ‘ಗ್ರ್ಯಾನ್ ಟೊರಿನೊ’ದಲ್ಲೂ ಅಷ್ಟೇ, ಪಕ್ಕದ ಮನೆ ಹುಡುಗನಿಗೆ ಉಪಕರಣ ಹಿಡಿಯುವುದನ್ನು, ಗಂಡಸರ ನಡುವೆ ಮಾತಾಡುವುದನ್ನು ಕಲಿಸುವ ಸೀನ್‌ಗಳಿವೆ. ‘ದಿ ರೂಕಿ’ ಅಂದರೇ ಹೊಸಬ. ಹೆಸರಲ್ಲೇ ಪಾಠ ಇದೆ. ನಿಕ್ ಹಿಂದೆ ರೇಸ್ ಕಾರು ಓಡಿಸಿದವನು, ಕಳ್ಳರು ಕದಿಯುವುದು ಕಾರು. ಹುಡುಗನಿಗೆ ಒಂದು ಸ್ಟೇರಿಂಗ್ ಹಿಡಿಯುವುದನ್ನಾದರೂ ಕಲಿಸಿ, ಕೊನೆಗೆ ಆ ಕಟ್ಟಡದಿಂದ ಹಾರುವಾಗ ಅದು ಉಪಯೋಗಕ್ಕೆ ಬಂತು ಅಂತ ಮಾಡಬಹುದಿತ್ತು. ಎಲ್ಲ ಸಾಮಾನು ಅಂಗಳದಲ್ಲೇ ಬಿದ್ದಿತ್ತು. ಡೇವಿಡ್ ಕೊನೆಗೆ ಕಲಿಯುವುದು ಒಂದೇ: ಕಾನೂನು ಬದಿಗಿಡು, ಹೊಡಿ. ಅದನ್ನೂ ನಿಕ್‌ನಿಂದ ಕಲಿಯುವುದಿಲ್ಲ, ಕೋಪದಿಂದ ಕಲಿಯುತ್ತಾನೆ.

ಆದ್ದರಿಂದ ನಿಮಗೆ ಈ ಜಾತಿಯ ಸಿನಿಮಾ ಹಿಡಿಸುವುದಿಲ್ಲ ಅಂತ ತೀರ್ಮಾನ ಮಾಡಿಬಿಡಬೇಡಿ. ‘48 ಅವರ್ಸ್’ ನೋಡಿ ಹೇಳಿ. ಅದೂ ಹಿಡಿಸದಿದ್ದರೆ ಆಗ ಮಾತಾಡೋಣ.

‘ಪಿಂಕ್ ಕ್ಯಾಡಿಲಾಕ್’ ಬೇಡ. ಬಡ್ಡಿ ವ್ಯಾನ್ ಹಾರ್ನ್ ನಿರ್ದೇಶಿಸಿದ್ದು (ಈ ಬಡ್ಡಿ ಆತನ ಹೆಸರು, ನಾನೇನು ಮಾಡಲಿ), ಎರಡು ಗಂಟೆ ಉದ್ದ, ಎಲ್ಲಿಗೂ ಹೋಗದ ಕಾರು. ಅದರ ಬದಲು 1976ರ ‘ದಿ ಎನ್‌ಫೋರ್ಸರ್’ ಹಾಕಿಕೊಳ್ಳಿ, ಒಂದೂವರೆ ಗಂಟೆ ಚಿಲ್ಲರೆ. ಡರ್ಟಿ ಹ್ಯಾರಿ ಸರಣಿಯ ಮೂರನೆಯದು, ಜೇಮ್ಸ್ ಫಾರ್ಗೋ ನಿರ್ದೇಶನ. ‘ದಿ ರೂಕಿ’ಯ ಕೊನೆಯಲ್ಲಿ ನಿಕ್ ಬಡ್ತಿ ಪಡೆದು ಮೇಜಿನ ಹಿಂದೆ ಕೂರುತ್ತಾನೆ, ಡೇವಿಡ್‌ಗೆ ಒಬ್ಬ ಹೊಸ ಜೊತೆಗಾರ್ತಿ ಸಿಗುತ್ತಾಳೆ, ಸಿನಿಮಾ ಮುಗಿಯುತ್ತದೆ. ‘ದಿ ಎನ್‌ಫೋರ್ಸರ್’ ಹೆಚ್ಚುಕಡಿಮೆ ಅಲ್ಲಿಂದಲೇ ಶುರುವಾಗುತ್ತದೆ ಅನ್ನಬಹುದು, ಅದೂ 14 ವರ್ಷ ಮೊದಲೇ. ಹ್ಯಾರಿಯನ್ನು ಶಿಕ್ಷೆಯಾಗಿ ಸಿಬ್ಬಂದಿ ವಿಭಾಗಕ್ಕೆ ಹಾಕಿದ್ದಾರೆ, ಬಡ್ತಿಗೆ ಬಂದವರ ಸಂದರ್ಶನಕ್ಕೆ ಕೂತಿದ್ದಾನೆ. ಎದುರಿಗೆ ಬಂದು ಕೂರುವವಳು ಕೇಟ್ ಮೂರ್, ಟೈನ್ ಡೇಲಿ ಮಾಡಿದ್ದಾರೆ. ರಸ್ತೆಯ ಅನುಭವವೇ ಇಲ್ಲದ ಇವಳು ಇಲ್ಲಿ ಯಾಕೆ ಬಂದಳು ಅಂತ ಹ್ಯಾರಿ ಕುಟುಕುತ್ತಾ ಪ್ರಶ್ನೆ ಹಾಕುತ್ತಾನೆ, ಆಕೆ ಒಳಗೆ ಕುದಿಯುತ್ತಿದ್ದರೂ ಬೆನ್ನು ನೆಟ್ಟಗೆ ಇಟ್ಟುಕೊಂಡು ಉತ್ತರ ಕೊಡುತ್ತಾಳೆ. ಗುಂಡು ಇಲ್ಲ, ಕಾರು ಇಲ್ಲ, ಒಂದು ಮೇಜು, ಎರಡು ಮುಖ. ಆ ಸೀನ್ ಮುಗಿದ ತಕ್ಷಣ ನಿಲ್ಲಿಸಿ, ‘ದಿ ರೂಕಿ’ಯಲ್ಲಿ ನಿಕ್ ಮತ್ತು ಡೇವಿಡ್ ಮೊದಲ ಸಲ ಭೇಟಿಯಾದದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ನನಗಂತೂ ಮೂರು ಸಲ ನೋಡಿದ ಮೇಲೂ ನೆನಪಾಗುವುದಿಲ್ಲ.